ಮೊದಲು ಯಜಮಾನರು ಬರೆಯಲಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೂರವಾಣಿ ಕರೆ ಬಂದಿತು. 1989ರಲ್ಲಿ ನನ್ನ ಬಳಿ ಹತ್ತನೆಯ ತರಗತಿ ಓದಿ ಮುಗಿಸಿದವನು. ಡಿಪ್ಲೊಮಾ ಮಾಡಿ, ಹಲವು ವರ್ಷ ಬೇರೆಯವರಲ್ಲಿ ದುಡಿದು, ಈಗ ಪೀಣ್ಯ ಎರಡನೆಯ ಹಂತದಲ್ಲಿ ಸ್ವಂತ ಕಾರ್ಖಾನೆ ನಡೆಸುತ್ತಿದ್ದಾನೆ. ಅರವತ್ತು ಮನೆಗಳ ಒಲೆ ಅವನಿಂದ ಉರಿಯುತ್ತಿದೆ ಎಂಬುದು ನನಗೆ ಹೆಮ್ಮೆಯ ವಿಷಯ.

“ಸಾರ್, ಒಂದು ಉಪಕಾರ ಆಗಬೇಕು” ಎಂದ. “ಕಾರ್ಖಾನೆಗೆ ಹೊಸ ಸಾಫ್ಟ್‌ವೇರ್ ಹಾಕಿಸಿದ್ದೀನಿ. ಎಲ್ಲರೂ ಒಂದೇ ಕಡೆ ಮಾತಾಡಬಹುದು, ಡ್ರಾಯಿಂಗ್ ಹಂಚಿಕೊಳ್ಳಬಹುದು, ಯಾವ ಕೆಲಸ ಎಲ್ಲಿಗೆ ಬಂತು ಅಂತ ನೋಡಬಹುದು. ಎಂಟು ತಿಂಗಳಾಯ್ತು, ನಮ್ಮ ಹುಡುಗರು ಮುಟ್ಟೋದೇ ಇಲ್ಲ. ಅವರಲ್ಲಿ ಆರೇಳು ಜನ ನಿಮ್ಮ ಶಿಷ್ಯರೇ. ನೀವು ಬಂದು ಎರಡು ಮಾತು ಹೇಳಿದರೆ ಕೇಳ್ತಾರೆ ಸಾರ್.”

ನಾನು ಹೋದೆ. ಆದರೆ ಆ ಎರಡು ಮಾತನ್ನು ಹುಡುಗರಿಗೆ ಹೇಳಲಿಲ್ಲ. ಕರೆದವನಿಗೇ ಹೇಳಿ ಬಂದೆ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಏಕೆಂದರೆ ನನ್ನ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಅನೇಕರು ಇಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ಹತ್ತಾರು ಜನರ ಮೇಲಧಿಕಾರಿಗಳಾಗಿದ್ದಾರೆ. ಅವರೆಲ್ಲರ ಬಾಯಲ್ಲಿಯೂ ಇದೇ ದೂರನ್ನು ಕೇಳಿದ್ದೇನೆ: “ಜನ ಬಳಸುವುದಿಲ್ಲ.” (ಕಾರ್ಖಾನೆಯ ಯಜಮಾನನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. “ಹೆಸರೊಂದು ಬೇಡ, ಉಳಿದದ್ದೆಲ್ಲ ಬರೀರಿ ಸಾರ್” ಎಂದ. ದೊಡ್ಡ ಮನಸ್ಸು.)

ನಾನು ಪೀಣ್ಯದ ಸಮೀಪದ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಅಲ್ಲಿಗೆ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಬೇಕಿತ್ತು. 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆಯಿಂದ ಮೆಟ್ರೊ ಓಡಲಾರಂಭಿಸಿದ ಮೇಲೆ ನನ್ನಂಥ ಮುದುಕನೂ ಕುಳಿತುಕೊಂಡೇ ಪೀಣ್ಯ ತಲಪುತ್ತಾನೆ. 1970ರ ದಶಕದಲ್ಲಿ ರೂಪುಗೊಂಡ ಈ ಕೈಗಾರಿಕಾ ಪ್ರದೇಶದಲ್ಲಿ ಸಾವಿರಾರು ಸಣ್ಣ ಘಟಕಗಳಿವೆ. ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್‌ಗಳಂಥ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಲೇ ಬೆಳೆದವರು ಇಲ್ಲಿ ಬಹಳ ಮಂದಿ. ನನ್ನ ಶಿಷ್ಯನ ಕಾರ್ಖಾನೆಯೂ ಅಂಥದೇ: ಲೇತ್‌ಗಳು, ಎಂಟು ಸಿಎನ್‌ಸಿ ಯಂತ್ರಗಳು, ಎರಡು ಶಿಫ್ಟ್.

ಒಳಗೆ ಕಾಲಿಟ್ಟೊಡನೆ ಗೋಡೆಯ ಮೇಲೆ ದೊಡ್ಡದೊಂದು ಭಿತ್ತಿಪತ್ರ. ಸೂಟು ತೊಟ್ಟ ನಾಲ್ವರು ಬಿಳಿಯರು ಲ್ಯಾಪ್‌ಟಾಪಿನ ಸುತ್ತ ನಗುತ್ತಿದ್ದಾರೆ. ಕೆಳಗೆ ಇಂಗ್ಲಿಷಿನಲ್ಲಿ ಏನೇನೋ ಬರೆದಿದೆ. ಅದರಡಿಯಲ್ಲಿ ಎಣ್ಣೆ ಕೈಯ ಹುಡುಗರು ಯಂತ್ರದ ಮುಂದೆ ನಿಂತಿದ್ದಾರೆ. ಅವರಲ್ಲಿ ಒಬ್ಬ ನನ್ನನ್ನು ನೋಡಿ ಕೈ ಒರೆಸಿಕೊಳ್ಳುತ್ತ ಬಂದು ನಮಸ್ಕರಿಸಿದ. 2004ರ ತಂಡದವನು. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಮೌನಿ.

ಚಹಾ ಸಮಯದಲ್ಲಿ ಅವನನ್ನು ಪಕ್ಕಕ್ಕೆ ಕರೆದು ಕೇಳಿದೆ: “ಏನಪ್ಪಾ, ಆ ಸಾಫ್ಟ್‌ವೇರ್ ಬಳಸೋದು ಕಷ್ಟವೇ?”

ಅವನು ಮಾತಾಡದೆ ಜೇಬಿನಿಂದ ಫೋನು ತೆಗೆದು ತೋರಿಸಿದ. ಆರು ತಿಂಗಳ ಹಿಂದೆ ರಾತ್ರಿ ಶಿಫ್ಟಿನಲ್ಲಿ ಅದೇ ತಂತ್ರಾಂಶದಲ್ಲಿ ಅವನು ಒಂದು ಡ್ರಾಯಿಂಗಿನ ಚಿತ್ರ ಹಾಕಿದ್ದ. ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದ. ಸಾರಾಂಶ ಇಷ್ಟು: ಈ ಡ್ರಾಯಿಂಗಿನಲ್ಲಿ ಬೋರ್ ಅಳತೆ ಹೋದ ತಿಂಗಳ ಡ್ರಾಯಿಂಗಿಗಿಂತ ಬೇರೆ ಇದೆ, ಯಾವುದು ಸರಿ? ಅದಕ್ಕೆ ಉತ್ತರವಿಲ್ಲ. ಮರುದಿನವೂ ಇಲ್ಲ, ಮರುವಾರವೂ ಇಲ್ಲ. ಇಂದಿಗೂ ಇಲ್ಲ. ಅವನು ರಾತ್ರಿಯೇ ಸೂಪರ್‌ವೈಸರಿಗೆ ಫೋನು ಮಾಡಿದಾಗ “ಇರೋದನ್ನ ಓಡಿಸು” ಎಂಬ ಅಪ್ಪಣೆಯಾಯಿತಂತೆ. ಓಡಿಸಿದ. ಇನ್ನೂರ ನಲವತ್ತು ಫ್ಲಾಂಜ್‌ಗಳು ಗ್ರಾಹಕರಿಂದ ತಿರಸ್ಕೃತವಾಗಿ ಹಿಂದಿರುಗಿದವು. ವಿಚಾರಣೆಯಲ್ಲಿ ಫೋನಿನ ಮಾತಿಗೆ ಸಾಕ್ಷಿಯಿರಲಿಲ್ಲ. ಬರೆದಿಟ್ಟ ಪ್ರಶ್ನೆಯನ್ನು ಯಾರೂ ತೆರೆದು ನೋಡಲಿಲ್ಲ. ಹುಡುಗನ ಎರಡು ದಿನದ ಸಂಬಳ ಹಿಡಿದರು.

“ಅವತ್ತಿಂದ ಯಾರೂ ಅದರಲ್ಲಿ ಬರೆಯಲ್ಲ ಸಾರ್” ಎಂದ. ಅಷ್ಟೇ. ಬೈಯಲಿಲ್ಲ, ದೂರಲಿಲ್ಲ.

ನೋಡಿದಿರಾ? “ಜನ ಬಳಸುವುದಿಲ್ಲ” ಎಂಬುದು ಎಂಥ ಸುಳ್ಳು! ಜನ ಬಳಸಿದ್ದರು. ಸರಿಯಾದ ಸಮಯಕ್ಕೆ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು. ಓದಬೇಕಾದವರು ಓದಲಿಲ್ಲ.

ಯಜಮಾನನ ಕೋಣೆಗೆ ಹೋಗಿ, “ನಿನ್ನ ಫೋನಿನಲ್ಲಿ ಅದನ್ನು ತೆಗೆದು ತೋರಿಸಪ್ಪಾ” ಎಂದೆ. ತೆಗೆದ. ಗುಪ್ತಪದ ಕೇಳಿತು. ಅವನಿಗೆ ನೆನಪಿರಲಿಲ್ಲ.

ಇಲ್ಲಿ ನಾನು ನಗಬಹುದಿತ್ತು. ನಗಲಿಲ್ಲ. ಏಕೆಂದರೆ ಆ ಕೋಣೆಯಲ್ಲಿ ಕುಳಿತಿದ್ದ ಇಬ್ಬರು ಅಪರಾಧಿಗಳಲ್ಲಿ ನಾನೂ ಒಬ್ಬ.

ಮತ್ತೊಂದು ಊರಿನ ಶಾಲೆಯಲ್ಲಿ ನಾನು ಎರಡು ವರ್ಷ ಪ್ರಭಾರ ಮುಖ್ಯೋಪಾಧ್ಯಾಯನಾಗಿದ್ದೆ. ಅಲ್ಲಿ ಒಂದು ಸೂಚನಾ ಪುಸ್ತಕವಿತ್ತು; ಶಿಕ್ಷಕ ವೃತ್ತಿಯವರಿಗೆಲ್ಲ ಅದರ ಪರಿಚಯ ಉಂಟು. ಮುಖ್ಯೋಪಾಧ್ಯಾಯರು ಅಪ್ಪಣೆ ಬರೆಯುತ್ತಾರೆ, ಜವಾನ ತರಗತಿಯಿಂದ ತರಗತಿಗೆ ಹೊತ್ತೊಯ್ಯುತ್ತಾನೆ, ಶಿಕ್ಷಕರು ಸಹಿ ಹಾಕುತ್ತಾರೆ. ನಾನು ಉತ್ಸಾಹದಿಂದ ಒಂದು ಸುಧಾರಣೆ ಮಾಡಿದೆ: “ಇನ್ನು ಮುಂದೆ ಶಿಕ್ಷಕರೂ ಇದರಲ್ಲಿ ತಮ್ಮ ಸಲಹೆ, ದೂರುಗಳನ್ನು ಬರೆಯಬಹುದು.” ಒಂದು ಮಳೆಗಾಲ ಸಹೋದ್ಯೋಗಿಯೊಬ್ಬರು ಬರೆದರು: ಏಳನೆಯ ಕೊಠಡಿಯ ಪಶ್ಚಿಮದ ಗೋಡೆ ಬಿರುಕು ಬಿಟ್ಟಿದೆ, ಮಕ್ಕಳನ್ನು ಅಲ್ಲಿ ಕೂರಿಸುವುದು ಕ್ಷೇಮವಲ್ಲ. ನಾನು ಅದರ ಕೆಳಗೆ ಸಹಿ ಹಾಕಿದೆ. ಓದದೆ ಸಹಿ ಹಾಕಿದೆ. ಹತ್ತು ದಿನದ ಬಳಿಕ ಒಂದು ಭಾನುವಾರ ರಾತ್ರಿ ಆ ಗೋಡೆ ಉರುಳಿತು. ಭಾನುವಾರವಾದ್ದರಿಂದ ನಾನು ಇಂದು ನೆಮ್ಮದಿಯಾಗಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಸೋಮವಾರ ಆ ಸಹೋದ್ಯೋಗಿ ಸೂಚನಾ ಪುಸ್ತಕವನ್ನು ತೆರೆದು ನನ್ನ ಸಹಿಯ ಮೇಲೆ ಬೆರಳಿಟ್ಟರು. ಅವರು ಏನೂ ಹೇಳಲಿಲ್ಲ. ಆ ಬಳಿಕ ನಾನಿದ್ದಷ್ಟು ದಿನ ಆ ಪುಸ್ತಕದಲ್ಲಿ ಯಾವ ಶಿಕ್ಷಕರೂ ಒಂದಕ್ಷರವನ್ನೂ ಬರೆಯಲಿಲ್ಲ.

ಪುಸ್ತಕ ಹೋಗಿ ಗಣಕ ಬಂದಿದೆ. ರೋಗ ಹಾಗೆಯೇ ಇದೆ. ಈ ರೋಗವನ್ನು ತಿಳಿದವರು ಬಹಳ ಹಿಂದೆಯೇ ಗುರುತಿಸಿದ್ದಾರೆ. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ಈ ವಿಷಯದಲ್ಲಿ ನನಗೆ ಎರಡು ಹಳೆಯ ಪ್ರಬಂಧಗಳನ್ನು ಕಳುಹಿಸಿಕೊಟ್ಟಳು. ಜೊನಾಥನ್ ಗ್ರುಡಿನ್ ಎಂಬ ವಿದ್ವಾಂಸರು 1988ರಲ್ಲಿಯೇ ಬರೆದಿದ್ದರು: ಹಲವರು ಕೂಡಿ ಬಳಸುವ ತಂತ್ರಾಂಶಗಳು ಸೋಲುವುದಕ್ಕೆ ಒಂದು ಮುಖ್ಯ ಕಾರಣ, ಹೆಚ್ಚುವರಿ ಶ್ರಮ ಪಡುವವನು ಒಬ್ಬ, ಅದರ ಲಾಭ ಉಣ್ಣುವವನು ಇನ್ನೊಬ್ಬ ಆಗಿರುವುದು. ದುಡಿಯುವವನು ದಿನವಿಡೀ ಮಾಹಿತಿ ತುಂಬಬೇಕು. ವರದಿಯನ್ನು ನೋಡಿ ಸಂತೋಷಪಡುವವರು ಮೇಲಿನವರು. 1989ರಲ್ಲಿ ‘ಲೋಟಸ್ ನೋಟ್ಸ್’ ಎಂಬ ತಂತ್ರಾಂಶ ಮಾರುಕಟ್ಟೆಗೆ ಬಂದಿತು. ಇಂದಿನ ಟೀಮ್ಸ್, ಸ್ಲ್ಯಾಕ್‌ಗಳಿಗೆಲ್ಲ ಅದು ಅಜ್ಜ. ಅದನ್ನು ಅಳವಡಿಸಿಕೊಂಡ ದೊಡ್ಡ ಸಲಹಾ ಸಂಸ್ಥೆಯೊಂದನ್ನು ವಾಂಡಾ ಆರ್ಲಿಕೋವ್ಸ್ಕಿ ಎಂಬ ಪ್ರಾಧ್ಯಾಪಕಿ ಅಧ್ಯಯನ ಮಾಡಿ 1992ರಲ್ಲಿ ಪ್ರಕಟಿಸಿದರು. ಅಲ್ಲಿ ನೌಕರರ ಪ್ರತಿಯೊಂದು ಗಂಟೆಯನ್ನೂ ಗ್ರಾಹಕರ ಲೆಕ್ಕಕ್ಕೆ ಬರೆಯಬೇಕಿತ್ತು. ಹೊಸ ತಂತ್ರಾಂಶ ಕಲಿಯುವ ಗಂಟೆ ಯಾರ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಬಡ್ತಿಗಾಗಿ ಪರಸ್ಪರ ಸ್ಪರ್ಧಿಸುವವರು ತಮ್ಮ ತಿಳಿವಳಿಕೆಯನ್ನು ಹಂಚಿಕೊಳ್ಳುವುದೂ ಕಷ್ಟವೇ ಆಗಿತ್ತು.

ಪೀಣ್ಯದಲ್ಲಿ ಇದನ್ನೇ ಕಣ್ಣಾರೆ ಕಂಡೆ. ಶಿಫ್ಟಿಗೆ ಇಷ್ಟು ಜಾಬ್ ತೆಗೆಯಬೇಕೆಂಬ ಲೆಕ್ಕವಿದೆ. ಕೈ ತೊಳೆದು, ಫೋನು ತೆಗೆದು, ಬರೆಯುವ ಐದು ನಿಮಿಷ ಆ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. “ಬರೆಯಿರಿ” ಎನ್ನುವವರೇ ಬರೆಯುವ ಹೊತ್ತನ್ನು ಸೋಮಾರಿತನವೆಂದು ಎಣಿಸುತ್ತಾರೆ. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಹಾಗಾದರೆ ಈ ತಂತ್ರಾಂಶಗಳೇ ಬೇಡವೆ? ಖಂಡಿತ ಹಾಗಲ್ಲ. ನಾನು ಇವುಗಳ ಪರವಾಗಿಯೇ ಇದ್ದೇನೆ. “ವಾಟ್ಸ್‌ಆಪ್ ಇದೆಯಲ್ಲ, ಅದು ಸಾಲದೆ?” ಎಂದು ಸೂಪರ್‌ವೈಸರ್ ಮಹಾಶಯರು ನನ್ನನ್ನು ಕೇಳಿದರು. ಸಾಲದು. ಅವರ ವಾಟ್ಸ್‌ಆಪ್ ಗುಂಪಿನಲ್ಲಿ ಶುಭೋದಯದ ಹೂವುಗಳ ನಡುವೆ ಡ್ರಾಯಿಂಗುಗಳು ಕಳೆದುಹೋಗಿದ್ದವು. ಕೆಲಸ ಬಿಟ್ಟು ಹೋದವನ ಫೋನಿನೊಂದಿಗೆ ಅವನು ಕಲಿತದ್ದೂ ಹೊರಟುಹೋಗುತ್ತದೆ. ಹೊಸದಾಗಿ ಸೇರಿದವನಿಗೆ ಹಿಂದಿನ ಮಾತುಕತೆ ಕಾಣುವುದಿಲ್ಲ. ಯಾವ ಡ್ರಾಯಿಂಗು ಹಳೆಯದು, ಯಾವುದು ತಿದ್ದಿದ್ದು ಎಂದು ತಿಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆ ರಾತ್ರಿ ನನ್ನ ಶಿಷ್ಯ ಕೇಳಿದ ಪ್ರಶ್ನೆ ಆರು ತಿಂಗಳ ಬಳಿಕವೂ ತಾರೀಖು, ಗಂಟೆಗಳ ಸಮೇತ ಹಾಗೆಯೇ ಉಳಿದಿತ್ತಲ್ಲ, ಅದೇ ಈ ತಂತ್ರಾಂಶದ ಬೆಲೆ. ಬಡವನ ಮಾತಿಗೆ ಸಾಕ್ಷಿ ಸಿಗುವುದು ಅಪರೂಪ. ಅಂಥ ಸಾಧನವನ್ನು ಕೈಗೆ ಕೊಟ್ಟು, ಬಳಿಕ ಅತ್ತ ನೋಡದೆ ಹೋಗುವುದು ಕೊಡದೆ ಇರುವುದಕ್ಕಿಂತ ಕ್ರೂರವಾದದ್ದು.

ಇನ್ನು, ಜನರು ಹೊಸದನ್ನು ಒಪ್ಪುವುದೇ ಇಲ್ಲವೆಂಬ ವಾದ. ನಮ್ಮ ರಾಜ್ಯದ ಅನುಭವವೇ ಇದಕ್ಕೆ ಉತ್ತರ. ‘ಭೂಮಿ’ ಯೋಜನೆಯನ್ನು ನೆನಪಿಸಿಕೊಳ್ಳಿ. ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಸೇರಿದವು. ತಲೆತಲಾಂತರದಿಂದ ಕೈಬರಹದ ಪುಸ್ತಕಗಳನ್ನೇ ನಂಬಿದ್ದ ಕಂದಾಯ ಇಲಾಖೆ ಹೇಗೆ ಬದಲಾಯಿತು? ಭಿತ್ತಿಪತ್ರದಿಂದಲ್ಲ. ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸರ್ಕಾರ ಆಜ್ಞೆ ಹೊರಡಿಸಿತು. ಆ ಆಜ್ಞೆ ರೈತನಿಗೆ ಹೇಗೋ ಅಧಿಕಾರಿಗೂ ಹಾಗೆಯೇ ಅನ್ವಯಿಸಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವನ್ನು ರಚಿಸಲಾಗಿತ್ತು. ಬೆರಳಚ್ಚು ಕೊಟ್ಟು ಒಳಹೋಗಬೇಕಾದ್ದರಿಂದ ಯಾರು ಏನು ಮಾಡಿದರೆಂಬುದು ದಾಖಲಾಗುತ್ತಿತ್ತು. ಕೇಂದ್ರದಲ್ಲಿ ರೈತನ ಕಡೆಗೆ ತಿರುಗಿದ ಎರಡನೆಯ ಪರದೆಯೊಂದಿತ್ತು. ಸಿಬ್ಬಂದಿ ಏನು ಮಾಡುತ್ತಿದ್ದಾರೆಂದು ಅವನೂ ನೋಡಬಹುದಿತ್ತು. ಹದಿನೈದು ರೂಪಾಯಿಗೆ ಪಹಣಿ ಕೈಸೇರುತ್ತಿತ್ತು. ಮತ್ತು ಅದೆಲ್ಲವೂ ಕನ್ನಡದಲ್ಲಿತ್ತು. ಆ ಯೋಜನೆಯಲ್ಲಿಯೂ ಕುಂದುಕೊರತೆಗಳು ಇದ್ದವು, ಇಲ್ಲವೆನ್ನುವುದಿಲ್ಲ. ಆದರೆ ಮೇಲಿನವರಿಗೆ ಹಳೆಯ ದಾರಿಯನ್ನು ತೆರೆದಿಟ್ಟು ಕೆಳಗಿನವರನ್ನು ಮಾತ್ರ ಹೊಸ ದಾರಿಗೆ ಅಟ್ಟುವ ಆಟ ಅಲ್ಲಿ ನಡೆಯಲಿಲ್ಲ.

ಮತ್ತೊಂದು ಉದಾಹರಣೆ ಕಾರ್ಖಾನೆಯದೇ. ಟೊಯೊಟಾ ಪದ್ಧತಿಯಲ್ಲಿ ‘ಆಂಡಾನ್’ ಎಂಬ ಒಂದು ವ್ಯವಸ್ಥೆ ಇದೆ. ತೊಂದರೆ ಕಂಡ ಯಾವ ಕಾರ್ಮಿಕನೇ ಆಗಲಿ ಹಗ್ಗವನ್ನೆಳೆಯಬಹುದು ಅಥವಾ ಗುಂಡಿ ಒತ್ತಬಹುದು. ದೀಪ ಹತ್ತಿಕೊಳ್ಳುತ್ತದೆ, ತಂಡದ ಮುಖಂಡ ಧಾವಿಸುತ್ತಾನೆ, ತೊಂದರೆ ಪರಿಹಾರವಾಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಹಗ್ಗ ಯಾರ ಅಂಗಡಿಯಲ್ಲಿ ಬೇಕಾದರೂ ಸಿಗುತ್ತದೆ. ಎಳೆದೊಡನೆ ಒಬ್ಬ ಮುಖಂಡ ಓಡಿಬರುತ್ತಾನೆ ಎಂಬ ನಂಬಿಕೆ ಅಂಗಡಿಯಲ್ಲಿ ಸಿಗುವುದಿಲ್ಲ. ನನ್ನ ಶಿಷ್ಯ ಕೊಂಡದ್ದು ಬರಿಯ ಹಗ್ಗ.

ಎರಡನೆಯ ಮಾತು, ಭಾಷೆಯದು. ಆ ತಂತ್ರಾಂಶವನ್ನು ಪರಿಚಯಿಸಲು ಬಂದ ತರಬೇತುದಾರ ಒಂದೂವರೆ ಗಂಟೆ ಇಂಗ್ಲಿಷಿನಲ್ಲಿ ಮಾತಾಡಿ, ಊಟ ಮಾಡಿ ಹೋದನಂತೆ. “ನಮ್ಮ ವಿಷಯವೆಲ್ಲ ಟೆಕ್ನಿಕಲ್ ಸಾರ್, ಕನ್ನಡದಲ್ಲಿ ಹೇಗೆ ಬರೆಯೋದು?” ಎಂದು ಯಜಮಾನ ಕೇಳಿದ. ಅಯ್ಯಾ, ಬೆಳಗಿನಿಂದ ಸಂಜೆಯವರೆಗೆ ಅದೇ ಹುಡುಗರೊಂದಿಗೆ ನೀನು ಮಾತಾಡುವುದು ಯಾವ ಭಾಷೆಯಲ್ಲಿ? ‘ಕೂಲಂಟ್ ಸೋರುತ್ತಿದೆ, ಇನ್ಸರ್ಟ್ ಸವೆದಿದೆ’ ಎಂಬುದು ಒಳ್ಳೆಯ ಕನ್ನಡವೇ. ಕೂಲಂಟಿಗೆ ಸಂಸ್ಕೃತದ ಪದವನ್ನು ಹುಡುಕಿ ತಾ ಎಂದು ಯಾರೂ ನಿನ್ನನ್ನು ಒತ್ತಾಯಿಸುತ್ತಿಲ್ಲ.

ಸಾಧ್ಯವಿಲ್ಲವೆಂಬ ನೆವಕ್ಕೂ ಈಗ ಜಾಗವಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಕಲಿತು ನನ್ನಂಥ ವೃದ್ಧನೂ ಈ ಪುಟಗಳನ್ನು ತಾನೇ ಬೆರಳಚ್ಚಿಸುತ್ತಿದ್ದಾನೆ. ಅದೂ ಬಾರದವರು ಬಾಯಲ್ಲಿ ಹೇಳಿದರೆ ಸಾಕು. 2017ರಿಂದ ಗೂಗಲ್‌ನ ಧ್ವನಿ ಬರವಣಿಗೆ ಕನ್ನಡವನ್ನೂ ಬಲ್ಲುದು. ಒಡಿಶಾ, ಬಿಹಾರಗಳಿಂದ ಬಂದ ಹುಡುಗರೂ ಅಲ್ಲಿದ್ದರು. ಅವರು ಹಿಂದಿಯಲ್ಲಿಯೋ ಒಡಿಯಾದಲ್ಲಿಯೋ ಬರೆಯಲಿ, ಚಿತ್ರ ತೆಗೆದು ಹಾಕಲಿ, ಧ್ವನಿ ಮುದ್ರಿಸಿ ಕಳುಹಿಸಲಿ. ತನ್ನ ಭಾಷೆಯಲ್ಲಿ ಬುದ್ಧಿವಂತನಾದವನು ಅರೆಬರೆ ಇಂಗ್ಲಿಷಿನಲ್ಲಿ ದಡ್ಡನಂತೆ ಕಾಣುತ್ತಾನೆ. ಯಜಮಾನನ ಮುಂದೆ ದಡ್ಡನಂತೆ ಕಾಣಿಸಿಕೊಳ್ಳಲು ಯಾರಿಗೆ ಇಷ್ಟ? ಸುಮ್ಮನಿರುವುದೇ ಮೇಲು ಎಂದುಕೊಳ್ಳುತ್ತಾನೆ. ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯ ಹಿಂದಿನ ಬೆಂಚುಗಳನ್ನು ನೋಡಿದವನು ನಾನು. ಈ ಮೌನವನ್ನು ಚೆನ್ನಾಗಿ ಬಲ್ಲೆ.

ಮೂರನೆಯ ಮಾತು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ನನ್ನ ವಿದ್ಯಾರ್ಥಿಗಳಿಗೆ. ನಿಮ್ಮಲ್ಲಿ ಭಾಷೆಯ ತೊಡಕಿಲ್ಲ, ಗುಪ್ತಪದವೂ ನೆನಪಿರುತ್ತದೆ. ನಿಮ್ಮ ತಪ್ಪು ಬೇರೆಯದು. ತಂಗಿಯ ಮಗಳು ಒಮ್ಮೆ ನಮ್ಮ ಮನೆಗೆ ಬಂದಾಗ ಊಟದ ನಡುವೆ ಎಡಗೈಯಿಂದ ಲ್ಯಾಪ್‌ಟಾಪಿನ ಮೌಸನ್ನು ಅಲುಗಿಸುತ್ತಿದ್ದಳು. ಏನಮ್ಮಾ ಅದು ಎಂದೆ. “ಹೆಸರಿನ ಪಕ್ಕ ಹಸಿರು ಚುಕ್ಕೆ ಇರಬೇಕು ಮಾವ. ಹಳದಿ ಆದರೆ ಮ್ಯಾನೇಜರ್ ಕೇಳ್ತಾರೆ” ಎಂದಳು. ಹುಳಿ ಕಲಸಿದ ಅನ್ನ ಆರುತ್ತಿತ್ತು.

ಕೂಡಿ ಕೆಲಸ ಮಾಡಲೆಂದು ತಂದ ಸಾಧನ ಹಾಜರಿ ಪುಸ್ತಕವಾದರೆ ಜನರು ಚುಕ್ಕೆಯನ್ನು ಕಾಯುತ್ತಾರೆ, ಕೆಲಸವನ್ನಲ್ಲ. ರಾತ್ರಿ ಹನ್ನೊಂದಕ್ಕೆ ಸಂದೇಶ ಕಳುಹಿಸಿ ಬೆಳಗ್ಗೆ “ನೋಡಲಿಲ್ಲವೆ?” ಎಂದು ಕೇಳುವವರು ನಿಮ್ಮಲ್ಲಿ ಎಷ್ಟು ಮಂದಿಯಿಲ್ಲ? ಕೆಲಸದ ಅವಧಿ ಮುಗಿದ ಮೇಲೆ ಇಂಥ ಸಂದೇಶಗಳಿಂದ ದೂರವಿರುವ ಹಕ್ಕನ್ನು ಫ್ರಾನ್ಸ್ ದೇಶ 2017ರ ಜನವರಿಯಿಂದ ಕಾನೂನಿಗೆ ಸೇರಿಸಿತು. ನಮ್ಮ ಲೋಕಸಭೆಯಲ್ಲಿ 2018ರ ಡಿಸೆಂಬರಿನಲ್ಲಿ ಸುಪ್ರಿಯಾ ಸುಳೆಯವರು ಇಂಥದೇ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಕಾನೂನು ಬರುವವರೆಗೆ ಕಾಯಬೇಕಾದ ಅಗತ್ಯ ನಿಮಗಿಲ್ಲ. ರಾತ್ರಿ ಬರೆದದ್ದನ್ನು ಬೆಳಗ್ಗೆ ಕಳುಹಿಸಿದರೆ ಯಾವ ಕಂಪನಿಯೂ ಮುಳುಗುವುದಿಲ್ಲ.

“ಮೇಷ್ಟ್ರೇ, ನಮಗೂ ಮೇಲಿನವರಿದ್ದಾರೆ, ದಿನಕ್ಕೆ ನೂರಾರು ಸಂದೇಶ ಬರುತ್ತವೆ, ಎಲ್ಲಕ್ಕೂ ಉತ್ತರಿಸಲು ಸಾಧ್ಯವೆ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲಕ್ಕೂ ಬೇಡ. ಯಾವ ಬಗೆಯ ಪ್ರಶ್ನೆಗೆ ಯಾರು ಉತ್ತರಿಸಬೇಕೆಂದು ಮೊದಲೇ ಗೊತ್ತುಮಾಡಿ. ಉತ್ತರ ತಿಳಿಯದಿದ್ದರೆ “ನೋಡಿದ್ದೇನೆ, ನಾಳೆ ಹೇಳುತ್ತೇನೆ” ಎಂದು ಬರೆಯಿರಿ. ಅಷ್ಟು ಬರೆಯಲು ಹತ್ತು ಸೆಕೆಂಡು ಸಾಕು. ನನ್ನ ಸೂಚನಾ ಪುಸ್ತಕದಲ್ಲಿ ಆ ಹತ್ತು ಸೆಕೆಂಡನ್ನು ನಾನು ಉಳಿಸಿದೆ. ಅದರಿಂದ ಏನು ಗಳಿಸಿದೆನೆಂದು ಮೇಲೆಯೇ ಹೇಳಿದ್ದೇನೆ.

ಪೀಣ್ಯದ ಯಜಮಾನನಿಗೆ ನಾನು ಹೇಳಿದ್ದು ಇಷ್ಟೇ. ಒಂದು, ಮೂರು ತಿಂಗಳು ನೀನು ಯಾವ ಕೆಲಸದ ಅಪ್ಪಣೆಯನ್ನೂ ಫೋನಿನಲ್ಲಿ ಕೊಡಬೇಡ, ಅಲ್ಲಿಯೇ ಬರೆ. ಎರಡು, ಕನ್ನಡದಲ್ಲಿ ಬರೆ. ಮೂರು, ಶಿಫ್ಟಿನ ಲೆಕ್ಕದಲ್ಲಿ ಬರೆಯುವುದಕ್ಕೆಂದು ಹತ್ತು ನಿಮಿಷ ಬಿಡು. ನಾಲ್ಕು, ಪ್ರಶ್ನೆ ಕೇಳಿದವನಿಗೆ ಶಿಕ್ಷೆಯಾಗಕೂಡದು. ಐದು, ಆ ಹುಡುಗನ ಎರಡು ದಿನದ ಸಂಬಳವನ್ನು ಎಲ್ಲರ ಎದುರಿಗೆ ಹಿಂದಿರುಗಿಸು.

ಮೊದಲ ನಾಲ್ಕಕ್ಕೆ ಅವನು ತಲೆಯಾಡಿಸಿದ. ಐದನೆಯದಕ್ಕೆ ಬಹಳ ಹೊತ್ತು ಸುಮ್ಮನಿದ್ದ. “ಎಲ್ಲರ ಎದುರಿಗೇ ಬೇಕಾ ಸಾರ್?” ಎಂದ. “ಹಿಡಿದಾಗ ಎಲ್ಲರಿಗೂ ಗೊತ್ತಾಗಿತ್ತಲ್ಲವೇನಪ್ಪಾ?” ಎಂದೆ.

ಮೊನ್ನೆ ಆ 2004ರ ಶಿಷ್ಯ ಫೋನು ಮಾಡಿದ್ದ. ಸಂಬಳ ಬಂದಿದೆಯಂತೆ, ಎಲ್ಲರ ಎದುರಿಗೇ. ಸೂಪರ್‌ವೈಸರ್ ಮಾತ್ರ ಇನ್ನೂ ಫೋನಿನಲ್ಲಿಯೇ ಗದರುತ್ತಾರಂತೆ. ಯಜಮಾನ ತಂತ್ರಾಂಶದಲ್ಲಿ ಕನ್ನಡದಲ್ಲಿ ಬರೆದ ಮೊದಲ ಸಂದೇಶದ ಚಿತ್ರವನ್ನು ಅವನು ನನಗೆ ಕಳುಹಿಸಿದ. ಹಳೆಯ ಪ್ರಶ್ನೆಯ ಕೆಳಗೇ ಬರೆದಿದ್ದಾನೆ: ಎರಡನೆಯ ಡ್ರಾಯಿಂಗ್ ಸರಿ, ತಡವಾಗಿ ಉತ್ತರಿಸಿದ್ದಕ್ಕೆ ಕ್ಷಮೆಯಿರಲಿ. ನಾಲ್ಕು ಕಾಗುಣಿತದ ತಪ್ಪುಗಳಿದ್ದವು. ಕೆಂಪು ಶಾಯಿಯ ಅಭ್ಯಾಸ ಸುಲಭವಾಗಿ ಬಿಡುವುದಿಲ್ಲ; ಆದರೂ ಈ ಸಲ ತಿದ್ದಲು ಹೋಗಲಿಲ್ಲ.

ನಿಮ್ಮ ನಿಮ್ಮ ಕಾರ್ಖಾನೆ, ಕಚೇರಿಗಳಲ್ಲಿ ಉತ್ತರವಿಲ್ಲದೆ ಬಿದ್ದಿರುವ ಪ್ರಶ್ನೆಗಳು ಎಷ್ಟಿವೆ? ನಾಳೆ ಬೆಳಗ್ಗೆ ಒಂದನ್ನಾದರೂ ಹುಡುಕಿ ಉತ್ತರಿಸಿ, ಬಳಿಕ ನನಗೆ ತಿಳಿಸಿ. ಇದನ್ನು ಮನೆಗೆಲಸವೆಂದೇ ತಿಳಿಯಿರಿ. ಮಾಡದೆ ಬಂದವರಿಗೆ ಬೆಂಚಿನ ಮೇಲೆ ನಿಲ್ಲಿಸುವ ಅಧಿಕಾರ ಈಗ ನನಗಿಲ್ಲ ಎಂಬುದೊಂದೇ ನಿಮ್ಮ ಪುಣ್ಯ.